ರಿವೀಲ್ ಪಾರ್ಟಿ ಪ್ಯಾಕೇಜ್ ರಿವ್ಯೂ: ಐದಕ್ಕೆ ಮೂರು ಸ್ಟಾರ್, ಇನ್ನೆರಡನ್ನ ಒಂದು ಸ್ಟಿಕ್ಕರ್ ತಿನ್ಕೊಂಡ್ತು

ಮೊದ್ಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ, ಮೆಸೇಜ್ ಮಾಡಿ ಕೇಳ್ಬೇಡಿ. ಡ್ಯಾಲಸ್ ಸುತ್ತಮುತ್ತ ಬಲೂನ್ ಡೆಕೋರೇಷನ್‌ನವ್ರು ಬೀದಿಗೊಬ್ರು ಇದಾರೆ, ಎಲ್ಲರ ಪ್ಯಾಕೇಜೂ ಹೆಚ್ಚುಕಮ್ಮಿ ಒಂದೇ ಥರ, ಹಂಗಾಗಿ ಹೆಸರಿಗಿಂತ ಏನ್ ನೋಡ್ಕೊಂಡು ತಗೋಬೇಕು ಅನ್ನೋದೇ ಮುಖ್ಯ. ನಮ್ಮ ಮೈದುನನ ಹೆಂಡ್ತಿ ಬಸುರಿ, ಅವ್ಳಿಗೆ ಜೆಂಡರ್ ರಿವೀಲ್, ಅಂದ್ರೆ ಹೊಟ್ಟೇಲಿರೋ ಮಗು ಗಂಡಾದ್ರೆ ಬ್ಲೂ ಹೆಣ್ಣಾದ್ರೆ ಪಿಂಕ್ ಬಣ್ಣ ಹಾರಿಸಿ ಎಲ್ಲರ ಮುಂದೆ ತಿಳ್ಸೋ ಪಾರ್ಟಿ, ಮಾಡ್ಲೇಬೇಕು ಅಂತ ಆಸೆ, ಮೈದುನ ಅವ್ಳು ಹೇಳಿದ್ದಕ್ಕೆಲ್ಲ ಹೂಂ ಅನ್ನೋನು, ಅವ್ರಿರೋದು ಅಪಾರ್ಟ್‌ಮೆಂಟು, ಬ್ಯಾಕ್‌ಯಾರ್ಡ್ ಇರೋದು ನಮ್ಮನೇಲಿ. ಹಿಂಗೆ ಹಿಂಗೆ ಅಂತ ಪೂರ್ತಿ ಕೆಲ್ಸ ನನ್ನ ತಲೆ ಮೇಲೆ ಬಂತು. ನಂಗೆ ಈ ಪಾರ್ಟಿ ಬಗ್ಗೆ ಮೊದಲಿಂದ್ಲೂ ಅಷ್ಟಕ್ಕಷ್ಟೆ. ಆದ್ರೂ ಮಾಡ್ಸಿದೆ, ಮಾಡ್ಸಿದ್ದಕ್ಕೇ ಈ ರಿವ್ಯೂ ಬರೆಯೋಕೆ ಹಕ್ಕು ಬಂದಿದೆ ಅನ್ಕೋತೀನಿ.

340 ಡಾಲರ್, ಮೇಲೆ 100 ಡಾಲರ್ ಡೆಪಾಸಿಟ್. ಅದ್ರಲ್ಲಿ ಬಲೂನ್ ಆರ್ಚು, ಹಿಂದೆ ನಿಲ್ಸೋ ಬ್ಯಾಕ್‌ಡ್ರಾಪು, ಬಾಯ್ ಆರ್ ಗರ್ಲ್ ಅನ್ನೋ ಲೈಟ್ ಬೋರ್ಡು, ವೋಟ್ ಹಾಕೋಕೆ ಒಂದು ಹಲಗೆ ಜೊತೆಗೆ ಸ್ಟಿಕ್ಕರ್‌ಗಳು, ಒಳಗೆ ಬಣ್ಣದ ಪೇಪರ್ ಚೂರು ತುಂಬಿರೋ ದೊಡ್ಡ ಕಪ್ಪು ಬಲೂನು, ಆಮೇಲೆ ನಾಲ್ಕು ಪೌಡರ್ ಕ್ಯಾನನ್, ಅಂದ್ರೆ ಬಣ್ಣದ ಪುಡಿ ಹಾರಿಸೋ ಕೊಳವೆ. ಕೇಕ್ ಬೇರೆ, ಅದನ್ನ ನಾವು ನಮ್ಮ ಕಡೆ ಬೇಕರೀಲಿ ಎಗ್‌ಲೆಸ್ ಮಾಡ್ಸಿದ್ವಿ. ಆರ್ಚ್ ಚೆನ್ನಾಗಿತ್ತು, ಅದಕ್ಕೆ ಮಾತೇ ಇಲ್ಲ. ಟೆಕ್ಸಸ್ ಗಾಳಿ ಗೊತ್ತಲ್ಲ, ಟೆಂಟ್ ಕಟ್ಟಿದ್ರೂ ಹಾರಿಸ್ಕೊಂಡು ಹೋಗತ್ತೆ, ಆದ್ರೆ ಅಂಗಡಿ ಹುಡುಗಿ ಬೆಳಗ್ಗೆ ಎಂಟಕ್ಕೇ ಬಂದು ಮರಳು ಮೂಟೆ ಇಟ್ಟು ಫಿಶಿಂಗ್ ದಾರದಲ್ಲಿ ಫೆನ್ಸಿಗೆ ಬಿಗಿದು ಕಟ್ಟಿದ್ಲು, ಸಾಯಂಕಾಲದವರೆಗೂ ಒಂದೇ ಒಂದು ಬಲೂನ್ ಒಡೀಲಿಲ್ಲ. ಹೀಲಿಯಂ ಇರೋದು ಕಪ್ಪು ಬಲೂನಿಗೆ ಮಾತ್ರ, ಅದಕ್ಕೂ ಭಾರ ಕಟ್ಟಿ, ಬಿಟ್ಬಿಡಬೇಡಿ ಅಂತ ಎರಡು ಸಲ ಹೇಳಿದ್ಲು. ಫ್ಲಾರಿಡಾದಲ್ಲಂತೂ 2024ರಿಂದ ಬೇಕು ಅಂತ ಬಲೂನ್ ಆಕಾಶಕ್ಕೆ ಬಿಡೋದೇ ಕಾನೂನಿಗೆ ವಿರುದ್ಧ, ನಮ್ಮಲ್ಲಿ ಇನ್ನೂ ಜನ ಬಿಟ್ಟು ಚಪ್ಪಾಳೆ ಹೊಡೀತಾರೆ.

ಈ ಪ್ಯಾಕೇಜಲ್ಲಿ ನಂಗೆ ನಿಜವಾಗ್ಲೂ ಇಷ್ಟ ಆಗಿದ್ದು ಆರ್ಚಲ್ಲ, ಗುಟ್ಟು ಕಾಪಾಡೋ ವ್ಯವಸ್ಥೆ. ಹತ್ತು ವಾರ ಆದ್ಮೇಲೆ ತಾಯಿ ರಕ್ತ ಟೆಸ್ಟ್ ಮಾಡ್ತಾರಲ್ಲ, ಎನ್‌ಐಪಿಟಿ, ಅದು ಇರೋದು ಕ್ರೋಮೋಸೋಮ್ ತೊಂದರೆ ಏನಾದ್ರೂ ಇದ್ಯಾ ನೋಡೋಕೆ, ಗಂಡೋ ಹೆಣ್ಣೋ ಅನ್ನೋದು ಅದ್ರ ಜೊತೆ ಬರೋ ಕೊಸರು. ಜನ ಮಾತ್ರ ಕೊಸರಿಗೋಸ್ಕರಾನೇ ಟೆಸ್ಟ್ ಮಾಡ್ಸಿದ ಹಂಗೆ ಆಡ್ತಾರೆ. ಇಲ್ಲಿ ರಿಪೋರ್ಟ್ ರೆಡಿ ಆದ್ಮೇಲೆ ನಿಮ್ಮ ಫೋನಿನ ಪೋರ್ಟಲ್ಲಿಗೇ ಬಂದು ಕೂತ್ಕೊಳತ್ತೆ, ಎಷ್ಟೋ ಸಲ ಡಾಕ್ಟ್ರು ನೋಡೋದಕ್ಕಿಂತ ಮೊದ್ಲೇ. ಆಫೀಸ್ ಮೀಟಿಂಗಲ್ಲಿ ಕೂತಿದ್ದಾಗ ಟಿಂಗ್ ಅಂತ ಬಂದು ಸರ್ಪ್ರೈಸ್ ಎಲ್ಲ ಹಾಳಾದೋರು ನಂಗೆ ಇಬ್ರು ಗೊತ್ತು. ಅದಕ್ಕೆ ರಕ್ತ ಕೊಡೋವಾಗ್ಲೇ ಲಿಂಗ ತೋರಿಸ್ಬೇಡಿ ಅಂತ ಬರೆಸ್ಬಿಡಿ. ಓರಗಿತ್ತಿ ಹಂಗೇ ಮಾಡಿದ್ಲು, ನರ್ಸಮ್ಮ ಬೇರೆ ಚೀಟೀಲಿ ಬರೆದು ಕವರ್ ಅಂಟಿಸಿ ಕೊಟ್ರು. ಅದನ್ನ ತಕ್ಷಣ ಅಂಗಡಿಗೆ ಕೊಡ್ಲಿಲ್ಲ. ಇಪ್ಪತ್ತನೇ ವಾರದ ಸ್ಕ್ಯಾನ್ ಆಗ್ಲಿ, ಹೃದಯ ಬೆನ್ನುಮೂಳೆ ಎಲ್ಲ ಸರಿ ಇದೆ ಅಂತ ಡಾಕ್ಟ್ರು ಹೇಳ್ಲಿ, ಆಮೇಲೆ ಕುಣಿಯೋಣ ಅಂತ ನಾನೇ ತಡೆದಿದ್ದು. ಅಲ್ಲೀವರೆಗೂ ಆ ಕವರು ನಮ್ಮನೆ ದೇವರ ಗೂಡಲ್ಲಿ, ಶಾರದಮ್ಮನ ಫೋಟೋ ಹಿಂದೆ ಇತ್ತು.

ಅಲ್ಲಿಟ್ಟಿದ್ದೇ ತಪ್ಪಾಯ್ತು ನೋಡಿ. ನಮ್ಮತ್ತೆ ಹಾಸನದಿಂದ ಬಂದಿದ್ರು, ಬೆಳಗ್ಗೆ ದೀಪ ಹಚ್ಚೋಕೆ ಹೋದೋರು ಕವರ್ ಹಿಡ್ಕೊಂಡು ಅಡುಗೆ ಮನೆಗೆ ಬಂದ್ರು. ಏನೇ ಇದು ಅಂದ್ರು. ವಿಷ್ಯ ಹೇಳಿದೆ. ಅವ್ರು ಕವರನ್ನ ಬಿಸಿ ಪಾತ್ರೆ ಬಿಟ್ಟ ಹಂಗೆ ಕೌಂಟರ್ ಮೇಲೆ ಬಿಟ್ಟು, "ಇದು ಜೈಲಿಗೆ ಹಾಕೋ ಕೆಲ್ಸ ಅಲ್ವೇನೇ? ಡಾಕ್ಟ್ರೇ ಬರ್ಕೊಟ್ರಾ?" ಅಂತ ಮೆತ್ತಗೆ ಕೇಳಿದ್ರು, ಆ ಧ್ವನಿ ಹೆಂಗಿತ್ತು ಅಂದ್ರೆ ಪಕ್ಕದ ಮನೆ ಡೇವಿಡ್ ಏನಾದ್ರೂ ಕೇಳಿಸ್ಕೊಂಡು ಪೊಲೀಸಿಗೆ ಹೇಳ್ಬಿಡ್ತಾನೇನೋ ಅನ್ನೋ ಥರ. ನಂಗೆ ನಗು ಬಂತು, ಆಮೇಲೆ ನಗು ನಿಂತೂ ಹೋಯ್ತು.

ಯಾಕಂದ್ರೆ ಅವ್ರು ಹೇಳಿದ್ದು ಇಂಡಿಯಾದಲ್ಲಿ ಅಕ್ಷರಶಃ ನಿಜ. ಊರಲ್ಲಿ ಯಾವ ಸ್ಕ್ಯಾನಿಂಗ್ ಸೆಂಟರಿಗೆ ಹೋದ್ರೂ ಗೋಡೆ ಮೇಲೆ ಬೋರ್ಡ್ ಇರತ್ತೆ, ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡೋದಿಲ್ಲ, ಅದು ಶಿಕ್ಷಾರ್ಹ ಅಪರಾಧ ಅಂತ. 1994ರ ಕಾಯ್ದೆ, 1996ರಿಂದ ಜಾರಿ. ಹೇಳಿದ ಡಾಕ್ಟ್ರಿಗೆ ಮೊದಲ್ನೇ ಸಲಕ್ಕೇ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ, ಮಾಡ್ಸೋಕೆ ಹೋದ ಮನೆಯೋರಿಗೂ ಮೂರು ವರ್ಷ, ಅವ್ರಿಗೆ ದಂಡ ಐವತ್ತು ಸಾವಿರದವರೆಗೆ. ಬಸುರಿಗೆ ಮಾಡೋ ಪ್ರತಿ ಸ್ಕ್ಯಾನಿಗೂ ಫಾರ್ಮ್ ಎಫ್ ಅನ್ನೋ ದಾಖಲೆ ತುಂಬ್ಬೇಕು. ಇಷ್ಟಿದ್ರೂ 2023ರ ಕೊನೇಲಿ ಮಂಡ್ಯದ ಹತ್ರ ಆಲೆಮನೇಲಿ ಸ್ಕ್ಯಾನಿಂಗ್ ಮಷಿನ್ ಇಟ್ಕೊಂಡು ಈ ದಂಧೆ ಮಾಡ್ತಿದ್ದದ್ದು ಹೊರಗೆ ಬಂತಲ್ಲ, ಬೆಲ್ಲ ಕಾಯಿಸೋ ಜಾಗದಲ್ಲಿ. ಆ ನ್ಯೂಸ್ ಬಂದಾಗ ಅತ್ತೆ ಎರಡು ದಿನ ಫೋನಲ್ಲಿ ಬೇರೆ ಮಾತೇ ಆಡಿರ್ಲಿಲ್ಲ. ಅಂಥ ಊರಿಂದ ಬಂದೋರ ಕೈಗೆ, ಗಂಡೋ ಹೆಣ್ಣೋ ಅಂತ ಬರೆದಿರೋ ಕವರ್ ದೇವರ ಗೂಡಲ್ಲಿ ಸಿಕ್ಕಿದ್ರೆ ಗಾಬರಿ ಆಗ್ದೆ ಇನ್ನೇನಾಗತ್ತೆ. ಇಲ್ಲಿ ಅದು ಪಾರ್ಟಿ ಸಾಮಾನು, ಅಲ್ಲಿ ಅದು ಕೇಸು. ಇದನ್ನ ಅಂಗಡಿ ಹುಡುಗಿಗೆ ಹೇಳಿದಾಗ ಅವ್ಳು ಬಾಯಿ ಮೇಲೆ ಕೈಯಿಟ್ಕೊಂಡ್ಲು, ಎಷ್ಟೋ ಇಂಡಿಯನ್ ಕಸ್ಟಮರ್ಸ್ ಬರ್ತಾರೆ ಯಾರೂ ಹೇಳಿರ್ಲಿಲ್ಲ ಅಂದ್ಲು.

ಅಂದಹಾಗೆ ಈ ಪಾರ್ಟಿ ಏನೋ ಅಮೆರಿಕದ ಹಳೇ ಸಂಪ್ರದಾಯ ಅನ್ಕೊಂಡಿರೋರಿಗೆ: ಅಲ್ಲ. 2008ರಲ್ಲಿ ಜೆನ್ನಾ ಕಾರ್ವುನಿಡಿಸ್ ಅನ್ನೋ ಬ್ಲಾಗರ್ ಒಳಗೆ ಪಿಂಕ್ ಕ್ರೀಮ್ ತುಂಬಿದ ಕೇಕ್ ಕತ್ತರಿಸಿ ಮನೆಯೋರಿಗೆ ವಿಷ್ಯ ಹೇಳಿ ಬರ್ಕೊಂಡಿದ್ರು, ಅದೇ ಹಬ್ಬಿ ಹಬ್ಬಿ ಈ ಸ್ಥಿತಿಗೆ ಬಂದಿದೆ. ಆ ತಾಯಿಗೇ 2019ರ ಹೊತ್ತಿಗೆ ಸಾಕಾಗಿ ಹೋಗಿತ್ತು, ಆವತ್ತು ಪಿಂಕ್ ಕ್ರೀಮಲ್ಲಿ ಘೋಷಣೆ ಆಗಿದ್ದ ಮಗಳು ಈಗ ಸೂಟ್ ಹಾಕೋ ಹುಡುಗಿ ಅಂತ ಫೇಸ್‌ಬುಕ್ಕಲ್ಲಿ ಹಾಕಿದ್ರು. ಅವ್ರು ಮಾಡಿದ್ದು ಒಂದು ಕೇಕು ಅಷ್ಟೆ, ನಾನು ನಿಜ ಹೇಳ್ಬೇಕಂದ್ರೆ ಅಲ್ಲಿಗೇ ನಿಲ್ಲಿಸಿದ್ರೆ ಈಗ್ಲೂ ಚೆಂದಾನೇ. ಕೇಕಿಗೆ ಹೀಲಿಯಂ ಗಾಳಿ ಬೇಡ, ಬೆಂಕಿ ಬೇಡ, ಉಳಿದಿದ್ದನ್ನ ತಿನ್ಬೋದು.

ಬೆಂಕಿ ವಿಷ್ಯ ಸುಮ್ನೆ ಹೇಳ್ತಿಲ್ಲ. ಪ್ಯಾಕೇಜ್ ಜೊತೆ 45 ಡಾಲರ್‌ಗೆ ಬಣ್ಣದ ಹೊಗೆ ಬರೋ ಸ್ಟಿಕ್ಸ್ ಕೂಡ ತೋರ್ಸಿದ್ರು, ಫೋಟೋ ಸೂಪರ್ ಬರತ್ತೆ ಅಂತ ಮೈದುನಂಗೂ ಮನಸ್ಸಿತ್ತು. ನಾನು ಖಡಾಖಂಡಿತ ಬೇಡ ಅಂದೆ. 2020 ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾದ ಯುಕೈಪಾ ಹತ್ರ ಎಲ್ ಡೊರಾಡೋ ಬೆಂಕಿ ಅಂತ ಆಗಿದ್ದು ಇಂಥದ್ದೇ ಹೊಗೆ ಸಾಮಾನಿಂದ. ಒಣಗಿದ ಹುಲ್ಲು ಎದೆ ಎತ್ತರ ಬೆಳೆದಿರೋ ಪಾರ್ಕಲ್ಲಿ ರಿವೀಲ್ ಮಾಡೋಕೆ ಹೋಗಿ 22 ಸಾವಿರ ಎಕರೆಗಿಂತ ಜಾಸ್ತಿ ಸುಟ್ಟೋಯ್ತು, ಆರಿಸೋಕೆ ಹೋದ ಫೈರ್‌ಫೈಟರ್ ಒಬ್ರು ತೀರ್ಕೊಂಡ್ರು, ಪಾರ್ಟಿ ಮಾಡಿದ ಗಂಡ ಹೆಂಡ್ತಿ ಕೋರ್ಟ್ ಹತ್ತಿ 2024ರಲ್ಲಿ ತಪ್ಪೊಪ್ಕೊಂಡ್ರು. ಅದಕ್ಕೂ ಮುಂಚೆ 2017ರಲ್ಲಿ ಅರಿಜೋನಾದಲ್ಲಿ ಒಬ್ಬ ಸಿಡಿಯೋ ಪುಡಿಗೆ ಬಂದೂಕಲ್ಲಿ ಗುಂಡು ಹೊಡೆದು ಮಗು ಯಾವ್ದು ಅಂತ ತಿಳ್ಕೊಳೋಕೆ ಹೋಗಿ ಸುಮಾರು 47 ಸಾವಿರ ಎಕರೆಗೆ ಬೆಂಕಿ ಇಟ್ಟಿದ್ದ. ನಮ್ಮ ಕಡೆ ಬೇಸಿಗೇಲಿ ಹುಲ್ಲು ಹೆಂಗಿರತ್ತೆ ಅಂತ ನೋಡಿರೋರು ಹೊಗೆ ಸ್ಟಿಕ್ ಮುಟ್ಟಲ್ಲ. ಅಂಗಡಿಯೋರು ಇದನ್ನ ಮಾರೋದೇ ಬಿಡ್ಬೇಕು, ಇದಕ್ಕೆ ಅರ್ಧ ಸ್ಟಾರ್ ಅಲ್ಲೇ ಕಟ್ ಮಾಡಿದೀನಿ.

ಪೌಡರ್ ಕ್ಯಾನನ್ ಕೂಡ ಸಾಧು ಅನ್ಕೋಬೇಡಿ. ಅದು ನಮ್ಮ ಹೋಳಿ ಪುಡಿ ಥರಾನೇ, ಕಾರ್ನ್‌ಫ್ಲೋರಿಗೆ ಬಣ್ಣ ಹಾಕಿರೋದು, ಕೊಳವೆ ಒಳಗಿನ ಗಾಳಿ ಒತ್ತಡಕ್ಕೆ ಆಚೆ ಹಾರತ್ತೆ. ಸಣ್ಣ ಹಿಟ್ಟು ಗಾಳೀಲಿ ಮೋಡದ ಹಂಗೆ ತೇಲ್ತಿರೋವಾಗ ಕಿಡಿ ತಾಗಿದ್ರೆ ಭಗ್ ಅನ್ನತ್ತೆ, 2015ರಲ್ಲಿ ತೈವಾನಿನ ಒಂದು ವಾಟರ್ ಪಾರ್ಕಲ್ಲಿ ಇದೇ ಥರ ಬಣ್ಣದ ಪುಡಿ ಹತ್ಕೊಂಡು 15 ಜನ ಸತ್ರು, ನೂರಾರು ಜನ ಸುಟ್ಕೊಂಡ್ರು. ನಮ್ಮೋರು ಏನ್ ಮಾಡಿದ್ರು ಗೊತ್ತಾ, ಪನೀರ್ ಟಿಕ್ಕಾ ಗ್ರಿಲ್ಲನ್ನ ತಂದು ಕ್ಯಾನನ್ ಹೊಡೆಯೋ ಜಾಗದಿಂದ ನಾಲ್ಕಡಿ ದೂರದಲ್ಲಿ ಇಟ್ಟಿದ್ರು. ಗಂಡಸ್ರಿಗೆ ಗ್ರಿಲ್ ಸಿಕ್ಕಿದ್ರೆ ಕಣ್ಣು ಕಾಣಲ್ಲ. ತಳ್ಕೊಂಡು ಹೋಗಿ ಗ್ಯಾರೇಜ್ ಮುಂದೆ ಇಡಿಸ್ದೆ. ಪ್ಯಾಕೇಜ್ ಜೊತೆ ಬಂದ ಸೂಚನೆ ಚೀಟೀಲಿ ಬೆಂಕಿ ಹತ್ರ ಬೇಡ ಅಂತ ಇರೋದು ಇರುವೆ ಅಕ್ಷರದಲ್ಲಿ, ಹ್ಯಾಶ್‌ಟ್ಯಾಗ್ ಹಾಕಿ ನಮ್ಮನ್ನ ಟ್ಯಾಗ್ ಮಾಡಿ ಅನ್ನೋದು ಮಾತ್ರ ದಪ್ಪಕ್ಕೆ.

ಈಗ ಸ್ಟಿಕ್ಕರ್ ಕಥೆ. ಕ್ಯಾನನ್ ಮೈ ಮೇಲೆಲ್ಲ ಕಪ್ಪು ಪೇಪರ್ ಸುತ್ತಿರ್ತಾರೆ, ಯಾವ ಬಣ್ಣ ಅಂತ ಗೊತ್ತಾಗ್ಬಾರ್ದು ಅಂತ. ಫ್ಯಾಕ್ಟರಿಯಿಂದ ಬರೋವಾಗ ಬುಡದಲ್ಲಿ ಒಂದು ಪುಟ್ಟ ಗುಂಡು ಸ್ಟಿಕ್ಕರ್ ಇರತ್ತಂತೆ, ಬಣ್ಣ ತೋರಿಸೋಕೆ, ಅಂಗಡಿಯೋರು ಅದನ್ನ ಕಿತ್ತು ಕೊಡ್ಬೇಕು. ಮೂರರಲ್ಲಿ ಕಿತ್ತಿದ್ರು. ನಾಲ್ಕನೇದ್ರಲ್ಲಿ ಇತ್ತು. ಬೆಳಗ್ಗೆ ಒಂಬತ್ತೂ ಕಾಲಿಗೆ ಬುಟ್ಟೀಲಿ ಜೋಡಿಸ್ತಾ ನಿಲ್ಸೋಕೆ ಅಂತ ತಿರುಗಿಸಿದೆ ನೋಡಿ, ಪಿಂಕ್ ಚುಕ್ಕೆ. ಪಾರ್ಟಿ ಇರೋದು ಸಾಯಂಕಾಲ ನಾಲ್ಕಕ್ಕೆ. ಅಪ್ಪ ಅಮ್ಮಂಗೆ ಗೊತ್ತಿಲ್ಲ, ಅಜ್ಜಿಗೆ ಗೊತ್ತಿಲ್ಲ, ಮೂವತ್ತೈದು ಡಾಲರ್ ಗುಟ್ಟು ಕಾಪಾಡೋ ಚಾರ್ಜ್ ಅಂತ ಬೇರೆ ಬಿಲ್ಲಲ್ಲಿ ಹಾಕಿದಾರೆ, ಗೊತ್ತಾಗಿದ್ದು ಮಾತ್ರ ಕೇಳ್ದೆ ಇದ್ದ ದೊಡ್ಡ ಸೊಸೆಗೆ. ಉಗುರಲ್ಲಿ ಕೆರೆದು ಕಿತ್ತು, ಎಲ್ಲಿ ಬಿಸಾಕೋದು ಗೊತ್ತಾಗ್ದೆ ಮೊಬೈಲ್ ಕವರ್ ಒಳಗೆ ಸಿಗಿಸ್ಕೊಂಡೆ.

ಅಚಾನಕ್ಕಾಗಿ ಗೊತ್ತಾದ್ರೆ ಏನ್ ಮಾಡ್ಬೇಕು ಅನ್ನೋದಕ್ಕೆ ಒಂದೇ ರೂಲ್, ಬಾಯಿ ಮುಚ್ಕೊಂಡಿರ್ಬೇಕು, ಗಂಡಂಗೂ ಹೇಳ್ಬಾರ್ದು. ಅದ್ರಲ್ಲೂ ಗಂಡಂಗೆ ಹೇಳ್ಬಾರ್ದು, ಅವ್ನು ತಮ್ಮನ ಮುಖ ನೋಡಿದ ತಕ್ಷಣ ಹಲ್ಲು ಕಿರೀತಾನೆ. ಆರೂ ಮುಕ್ಕಾಲು ಗಂಟೆ ನಾನು ಮೆಂತ್ಯದ ಪೂರಿ ಲಟ್ಟಿಸ್ತಾ, ಬಿಸಿಬೇಳೆಬಾತ್ ಕಲಸ್ತಾ ತಲೆ ಎತ್ತಿ ಯಾರನ್ನೂ ನೋಡ್ಲಿಲ್ಲ. ಓರಗಿತ್ತಿ ಬಂದು "ಅಕ್ಕಾ, ನಿಮಗೆ ಏನನ್ಸತ್ತೆ?" ಅಂತ ಕೇಳಿದ್ಲು. ಉಪ್ಪು ಕಮ್ಮಿ ಆಗಿದೆ ಅನ್ಸತ್ತೆ ಅಂದೆ.

ಕರೆಯೋ ವಿಷ್ಯಕ್ಕೆ ಬರ್ತೀನಿ, ಇದು ಪ್ಯಾಕೇಜಲ್ಲಿ ಬರಲ್ಲ ಆದ್ರೆ ಅರ್ಧ ಜಗಳ ಇಲ್ಲೇ ಹುಟ್ಟೋದು. ರಿವೀಲಿಗೆ ಗಿಫ್ಟ್ ತರೋ ಪದ್ಧತಿ ಇಲ್ಲ, ಅದು ಬೇಬಿ ಶವರಿಗೆ. ಕರೆಯೋಲೇಲಿ ಗಿಫ್ಟ್ ಬೇಡ ಅಂತ ದೊಡ್ಡದಾಗಿ ಹಾಕಿದ್ವಿ. ನಮ್ಮೋರು ಕೇಳ್ಬೇಕಲ್ಲ, ಬರಿಗೈಲಿ ಬಸುರಿ ನೋಡೋಕೆ ಹೆಂಗೆ ಬರೋದು ಅಂತ ಒಬ್ರು ಬೆಳ್ಳಿ ಬಟ್ಟಲು, ಇಬ್ರು ಹಣ್ಣಿನ ಬುಟ್ಟಿ, ಇನ್ನೊಬ್ರು ಹಸಿರು ಬಳೆ ತಂದಿದ್ರು. ಬಳೆ ಬಂದಿದ್ದೇ ಅತ್ತೆ ಮುಖ ಅರಳ್ತು. ಆದ್ರೆ ಅವ್ರು ಸೀಮಂತ ಇಟ್ಕೊಂಡಿರೋದು ಏಳನೇ ತಿಂಗಳಿಗೆ, ಇದು ಬೇರೆ ಅದು ಬೇರೆ ಅಂತ ಬಂದೋರಿಗೆಲ್ಲ ಕೂತಲ್ಲೇ ಕ್ಲಾಸ್ ತಗೊಂಡ್ರು. ಮಗುಗೆ ಬಟ್ಟೆ ಮಾತ್ರ ಯಾರೂ ತರ್ಲಿಲ್ಲ, ಹೊಟ್ಟೇಲಿರೋ ಮಗುಗೆ ಮುಂಚೆ ಬಟ್ಟೆ ತರ್ಬಾರ್ದು ಅನ್ನೋದು ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆದೋರಿಗೂ ರಕ್ತದಲ್ಲೇ ಇದೆ.

ಇನ್ನೊಂದು ಸೂಕ್ಷ್ಮ. ನಮ್ಮ ಗುಂಪಲ್ಲಿ ಒಬ್ಳು ಎರಡು ವರ್ಷದಿಂದ ಐವಿಎಫ್ ಅಂತ ಓಡಾಡ್ತಿದಾಳೆ, ಇನ್ನೊಬ್ಳಿಗೆ ಹೋದ ವರ್ಷ ಐದನೇ ತಿಂಗಳಲ್ಲಿ ಹೋಯ್ತು. ಇಂಥೋರನ್ನ ಕರೆಯೋದಾ ಬಿಡೋದಾ? ಬಿಟ್ರೆ ನನ್ನ ದೃಷ್ಟಿ ಬೀಳತ್ತೆ ಅಂತ ಬಿಟ್ರು ಅನ್ಕೋತಾರೆ, ನಮ್ಮಲ್ಲಿ ಹಂಗೆ ಯೋಚ್ನೆ ಮಾಡೋರೂ ಇದಾರಲ್ಲ. ಕರೆದ್ರೆ ಬರ್ಲೇಬೇಕಾಗತ್ತೆ. ಗ್ರೂಪಲ್ಲಿ ಕಾರ್ಡ್ ಹಾಕೋದಕ್ಕೆ ಎರಡು ದಿನ ಮುಂಚೆ ಇಬ್ರಿಗೂ ಬೇರೆಬೇರೆಯಾಗಿ ಮೆಸೇಜ್ ಮಾಡಿದೆ, ಹಿಂಗಿದೆ, ಬಂದ್ರೆ ಖುಷಿ, ಬರ್ದೆ ಇದ್ರೆ ಕಾರಣ ಕೇಳಲ್ಲ, ಊಟ ಮನೆಗೆ ಕಳ್ಸ್ತೀನಿ. ಒಬ್ಳು ಬಂದ್ಲು, ಒಬ್ಳಿಗೆ ಊಟ ಕಳ್ಸಿದೆ.

ವೋಟ್ ಹಲಗೆ ನಂಗೆ ಇಷ್ಟ ಆಗ್ಲಿಲ್ಲ. ಐಟಂ ಚೆನ್ನಾಗೇ ಇದೆ, ಮರದ್ದು, ಸ್ಟಿಕ್ಕರ್ ಅಂಟೂ ಗಟ್ಟಿ. ಆದ್ರೆ ನಲವತ್ತು ಚಿಲ್ರೆ ಜನರಲ್ಲಿ ಬ್ಲೂಗೆ 31, ಪಿಂಕಿಗೆ 12 ಬಿತ್ತು, ಅದೂ ಪಿಂಕ್ ಹಾಕಿದ್ದರಲ್ಲಿ ಅರ್ಧಕ್ಕರ್ಧ ಮಕ್ಕಳು. ಅಂಕಲ್‌ಗಳೆಲ್ಲ ಸಾಲಾಗಿ ಬ್ಲೂ. ಇಷ್ಟು ಜನ ಬರೀ ಅಂದಾಜು ಮಾಡ್ತಿದಾರೆ ಅಂತ ನಂಬೋಕೆ ನಾನೇನ್ ಚಿಕ್ಕ ಮಗುನಾ. ಅಂದಾಜಿನ ಹೆಸರಲ್ಲಿ ಎಲ್ಲರ ಮನಸ್ಸಲ್ಲಿರೋದು ಹಲಗೆ ಮೇಲೆ ಲೆಕ್ಕ ಸಮೇತ ಬಂದ್ಬಿಡತ್ತೆ, ಬಸುರಿ ಹುಡುಗಿ ಅದನ್ನ ನೋಡ್ಕೊಂಡು ಕೂತಿರ್ಬೇಕು. ನಾನಂತೂ ಒಳಗಿನ ವಿಷ್ಯ ಗೊತ್ತಿದ್ದು ನೋಡ್ತಿದ್ದೆ, ಪ್ರತಿ ಬ್ಲೂ ಸ್ಟಿಕ್ಕರ್‌ಗೂ ಹೊಟ್ಟೆ ಒಳಗೆ ಏನೋ ಹಿಂಡ್ದಂಗೆ ಆಗ್ತಿತ್ತು. ನಮ್ಮನೆಯೋರು ಮಧ್ಯದಲ್ಲಿ ನಿಂತ್ಕೊಂಡು 1918ರಲ್ಲಿ ಇದೇ ಅಮೆರಿಕದ ಬಟ್ಟೆ ವ್ಯಾಪಾರಿಗಳ ಪತ್ರಿಕೆಲಿ ಪಿಂಕ್ ಗಂಡಿಗೆ, ಬ್ಲೂ ಹೆಣ್ಣಿಗೆ ಅಂತ ಬರೆದಿದ್ರು ಗೊತ್ತಾ ಅಂತ ಪಾಠ ಮಾಡ್ತಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಅತ್ತೆ ಸ್ಟಿಕ್ಕರೇ ಹಾಕ್ಲಿಲ್ಲ. ಹೊಟ್ಟೆ ಮುಂದಕ್ಕೆ ಬಂದಿದೆ ಗಂಡೇ ಅಂತ ಒಬ್ಬ ಆಂಟಿ ಪಕ್ಕದಲ್ಲಿ ಕೂತು ಒತ್ತಾಯ ಮಾಡಿದ್ರೂ, ನಂಗೆ ಓದೋಕೆ ಬರಲ್ಲ ಯಾವ್ದು ಯಾವ್ದು ಅಂತ ಅಂದ್ಬಿಟ್ರು. ರಿಟೈರ್ಡ್ ಮೇಡಮ್ ಅವ್ರು, ಮೂವತ್ತು ವರ್ಷ ಸ್ಕೂಲಲ್ಲಿ ಪಾಠ ಮಾಡಿದೋರು. ಇದರ ಬದ್ಲು ಹೆಸರು ಸೂಚಿಸಿ ಅಂತಾನೋ, ಹುಟ್ಟೋ ದಿನ ಯಾವ್ದು ಹೇಳಿ ಅಂತಾನೋ ಹಲಗೆ ಕೊಡಿ ಅಂತ ಅಂಗಡಿಗೆ ಬರೆದಿದೀನಿ.

ನಮ್ಮಲ್ಲಿ ಇಂಥದ್ದೆಲ್ಲ ಇರ್ಲಿಲ್ಲ ಅಂತ ಹೇಳೋ ಧೈರ್ಯಾನೂ ನಂಗಿಲ್ಲ. ಪುಂಸವನ ಅಂತ ಒಂದು ಸಂಸ್ಕಾರ ಇರೋದೇ ಗಂಡಾಗ್ಲಿ ಅಂತ, ಮಂತ್ರ ಹೇಳಿ ಕೇಳ್ಕೊಳ್ತಿದ್ರು, ಇವ್ರು ಸ್ಟಿಕ್ಕರ್ ಅಂಟಿಸ್ತಾರೆ ಅಷ್ಟೆ. ಸೀಮಂತದಲ್ಲಾದ್ರೂ ಬಳೆ, ಹೂವು, ಹಾಡು, ಆರತಿ ಎಲ್ಲ ಬಸುರಿಗೆ, ಮಗು ಯಾವ್ದಾದ್ರೂ ಅದೇ ಹಸಿರು ಬಳೆ.

ನಾಲ್ಕೂ ಹತ್ತಕ್ಕೆ ಕ್ಯಾನನ್ ಹೊಡ್ಸಿದ್ವಿ. ಅದನ್ನ ಹಿಡ್ಕೊಳೋದು ಮುಂಚೇನೇ ಒಂದು ಸಲ ತೋರ್ಸಿ, ಒಂದು ಕೈಲಿ ಮೇಲ್ಭಾಗ, ಇನ್ನೊಂದು ಕೈಲಿ ಬುಡ ಹಿಡಿದು ತಿರುಗಿಸ್ಬೇಕು, ಬಾಯಿ ಆಕಾಶದ ಕಡೆ ಇರ್ಬೇಕು. ತಲೆಕೆಳಗಾಗಿ ಹಿಡ್ಕೊಂಡು ಎಲ್ಲೆಲ್ಲೋ ಹೊಡೆಸ್ಕೊಂಡಿರೋ ಗಂಡಸರ ವಿಡಿಯೋ ಬೇಕಾದಷ್ಟಿದೆ. ಎರಡು ತಿರುಗ್ಲಿಲ್ಲ, ಗಟ್ಟಿಯಾಗಿತ್ತು, ಮೈದುನ ಕೆಂಪಗಾಗಿ ಹಲ್ಲು ಕಚ್ಕೊಂಡು ತಿರುಗಿಸ್ತಾ ಇದ್ದಾಗ ಪಕ್ಕದ ಹುಡುಗನ ಕೈಲಿದ್ದಿದ್ದು ಠಪ್ ಅಂತ ಹೊಡೀತು, ಪಿಂಕ್. ಕೌಂಟ್‌ಡೌನ್ ಇನ್ನೂ ಆರರಲ್ಲಿತ್ತು. ಓರಗಿತ್ತಿ ಕಿರುಚಿಕೊಂಡು ಗಂಡನ್ನ ತಬ್ಕೊಂಡ್ಲು, ಅವ್ನ ಕಣ್ಣಲ್ಲಿ ನೀರು, ಅದು ಖುಷೀದೇ, ನಾನು ಹತ್ರದಿಂದ ನೋಡಿದೀನಿ. ಅಲ್ಲೀವರೆಗೂ ಎಲ್ಲ ಸರಿಯಾಗಿತ್ತು.

ಆಗ ಬ್ಲೂ ಪಾರ್ಟಿಯ ಅಂಕಲ್ ಒಬ್ರು, ಒಳ್ಳೆ ಮನುಷ್ಯಾನೇ, ಯಾರಿಗೆ ಕಷ್ಟ ಅಂದ್ರೂ ಏರ್‌ಪೋರ್ಟಿಗೆ ಬಿಡೋಕೆ ಮೊದ್ಲು ಬರೋರು, ಮೈದುನನ ಬೆನ್ನು ತಟ್ಟಿ "ಪರವಾಗಿಲ್ಲ ಬಿಡಪ್ಪಾ, ನೆಕ್ಸ್ಟ್ ಟೈಮ್ ನೋಡೋಣ" ಅಂದ್ರು. ಮ್ಯೂಸಿಕ್ ಇತ್ತು, ಆದ್ರೂ ಅದು ಎಲ್ಲರಿಗೂ ಕೇಳಿಸ್ತು. ಮೈದುನಂಗೆ ಏನ್ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಸುಮ್ನೆ ನಕ್ಕ. ಅತ್ತೆ ಪ್ಲಾಸ್ಟಿಕ್ ಚೇರಿಂದ ಎದ್ರು. "ಏನ್ ಪರವಾಗಿಲ್ಲ? ನಿಮ್ಮನ್ನ ಯಾರಾದ್ರೂ ಕೇಳಿದ್ರಾ, ಪರವಾಗಿದ್ಯಾ ಇಲ್ವಾ ಅಂತ?" ಅಂದ್ರು, ಕ್ಲಾಸಲ್ಲಿ ಹೋಂವರ್ಕ್ ಕೇಳೋ ಧ್ವನೀಲಿ. ಅಂಕಲ್ ಅಯ್ಯೋ ಅಮ್ಮಾ ನಾನು ಹಂಗಲ್ಲ ಅಂತ ತಡವರಿಸಿದ್ರು. "ಹಂಗಲ್ಲ ಅಂದ್ರೆ ಸರಿ. ಊಟ ಮಾಡ್ಕೊಂಡು ಹೋಗಿ" ಅಂತ ಹೇಳಿ, ಹೋಗಿ ಸೊಸೆ ತಲೆ ಮೇಲೆ ಬಿದ್ದಿದ್ದ ಪುಡಿ ಕೊಡವಿದ್ರು. ಅವ್ರ ಸೀರೆ ಅಂಚೆಲ್ಲ ಪಿಂಕಾಯ್ತು. ಅಂಕಲ್ ಪಾಪ ಎರಡು ಸಲ ಬಡಿಸ್ಕೊಂಡು, ಹೋಗೋವಾಗ ಚೇರೆಲ್ಲ ಮಡಚಿಟ್ಟು ಹೋದ್ರು.

ಕ್ಯಾನನ್ ಹೊಡೆದ ಮೇಲಿನ ಆ ಎರಡು ಸೆಕೆಂಡಿಗೆ ಯಾವ ಅಂಗಡೀಲೂ ಪ್ಯಾಕೇಜ್ ಇಲ್ಲ ನೋಡಿ. ಯಾವ ಬಣ್ಣ ಬಂದ್ರೂ ಮುಖದಲ್ಲಿ ಅದೇ ನಗು ಇರೋರನ್ನ ಮಾತ್ರ ಕರೀರಿ, ಅಂಥೋರು ಹತ್ತೇ ಜನ ಇದ್ರೆ ಹತ್ತೇ ಜನ. ಇಲ್ಲಾಂದ್ರೆ ಇಬ್ರೇ ಮನೇಲಿ ಕೇಕ್ ಕತ್ತರಿಸಿ, ಆಮೇಲೆ ಎಲ್ಲರಿಗೂ ಫೋನ್ ಮಾಡಿ ಹೇಳಿ. ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ, ನಂಗೆ ಎರಡು ಸಲವೂ ಹೆರಿಗೆ ಆದ್ಮೇಲೇ ಗೊತ್ತಾಗಿದ್ದು, ಏನೂ ಕಳ್ಕೊಂಡಿಲ್ಲ.

ವಿಡಿಯೋ ಬಗ್ಗೇನೂ ಹೇಳ್ಬೇಕು. ಮೈದುನ ಅದನ್ನ ಐದು ನಿಮಿಷಕ್ಕೇ ಫ್ಯಾಮಿಲಿ ಗ್ರೂಪಿಗೆ ಹಾಕ್ದ. ಊರಲ್ಲಿ ನಮ್ಮ ಸಂಬಂಧದವ್ರೊಬ್ರು ಸ್ಕ್ಯಾನಿಂಗ್ ಡಾಕ್ಟ್ರಿದಾರೆ, ಅವ್ರು ಕಂಗ್ರಾಟ್ಸ್ ಹಾಕಿ ಅದರ ಕೆಳಗೇ, ದಯವಿಟ್ಟು ಯಾರೂ ಇದನ್ನ ಮುಂದಕ್ಕೆ ಕಳ್ಸ್ಬೇಡಿ, ನಾಳೆ ನನ್ನ ಪೇಷೆಂಟ್ಸೇ ನಿಮ್ಮೋರು ಮಾಡ್ಸಿದಾರಲ್ಲ ನಮಗೆ ಯಾಕೆ ಹೇಳಲ್ಲ ಅಂತ ಜಗಳಕ್ಕೆ ಬರ್ತಾರೆ ಅಂತ ಬರೆದ್ರು. ಅವ್ರು ಹೇಳಿದ್ದು ನ್ಯಾಯ. 2024ರಲ್ಲಿ ಚೆನ್ನೈ ಯೂಟ್ಯೂಬರ್ ಒಬ್ರು ದುಬೈಗೆ ಹೋಗಿ ಟೆಸ್ಟ್ ಮಾಡ್ಸಿ ರಿವೀಲ್ ಪಾರ್ಟಿ ವಿಡಿಯೋ ಹಾಕಿದ್ದಕ್ಕೆ ತಮಿಳುನಾಡು ಆರೋಗ್ಯ ಇಲಾಖೆಯಿಂದ ನೋಟಿಸ್ ಬಂದು, ವಿಡಿಯೋ ತೆಗ್ಸಿದ್ರಲ್ಲ. ನಾವಿರೋದು ಇಲ್ಲಿ, ಟೆಸ್ಟ್ ಆಗಿದ್ದೂ ಇಲ್ಲೇ, ಆದ್ರೂ ಊರಿನ ಗ್ರೂಪಿಗೆ ಹೆಣ್ಣುಮಗು ಅಂತ ಹುಟ್ಟಿದ ಮೇಲೆ ಹೇಳಿದ್ರೆ ಗಂಟೇನೂ ಹೋಗಲ್ಲ. ಮೈದುನ ಡಿಲೀಟ್ ಮಾಡ್ದ, ಅಷ್ಟ್ರಲ್ಲಿ ಅರಸೀಕೆರೆ ಚಿಕ್ಕಮ್ಮ ಸ್ಟೇಟಸ್ಸಿಗೆ ಹಾಕ್ಕೊಂಡಾಗಿತ್ತು.

ಕ್ಲೀನಿಂಗ್: ಡಬ್ಬದ ಮೇಲೆ ನೀರಲ್ಲಿ ಹೋಗತ್ತೆ ಅಂತಿದೆ, ನಂಬ್ಬೇಡಿ. ಹುಲ್ಲಿಗೆ ಬಿದ್ದಿದ್ದು ಎರಡು ದಿನಕ್ಕೆ ಹೋಯ್ತು. ಸಿಮೆಂಟ್ ನೆಲಕ್ಕೆ ಬಿದ್ದಿದ್ದನ್ನ ನಮ್ಮನೆಯೋರು ಉತ್ಸಾಹದಲ್ಲಿ ಪೈಪ್ ಹಿಡಿದು ತೊಳೆದ್ರು, ಹಿಟ್ಟಿಗೆ ನೀರು ಬಿದ್ರೆ ಏನಾಗತ್ತೆ, ಅಂಬಲಿ. ಒಣ ಪೊರಕೇಲಿ ಮೊದ್ಲು ಪೂರ್ತಿ ಗುಡಿಸಿ, ಆಮೇಲೆ ನೀರು ಹಾಕ್ಬೇಕು, ಹೋಳಿ ಆಡಿರೋರಿಗೆ ಇದು ಗೊತ್ತಿರ್ಬೇಕಿತ್ತು. ಫೆನ್ಸಿನ ಎರಡು ಹಲಗೆ ಈಗ್ಲೂ ತಿಳಿ ಪಿಂಕು. ಡೇವಿಡ್ ಬೇಲಿ ಆಚೆಯಿಂದ ಕಂಗ್ರಾಜುಲೇಷನ್ಸ್ ಅಂದ, ಅವ್ನಿಗೆ ಕಾರ್ಡ್ ಕೊಟ್ಟಿರ್ಲಿಲ್ಲ, ಬಣ್ಣ ನೋಡೇ ಗೊತ್ತಾಗಿದೆ.

ಕೊನೆಗೆ ಸ್ಟಾರ್ ಲೆಕ್ಕ. ಡೆಕೋರೇಷನ್, ಟೈಮಿಗೆ ಬರೋದು, ಮಾತಾಡೋ ರೀತಿ, ಇವಕ್ಕೆ ಪೂರ್ತಿ ಮಾರ್ಕ್ಸ್. ಹೊಗೆ ಸ್ಟಿಕ್ ಮಾರೋದಕ್ಕೆ ಅರ್ಧ, ತಿರುಗ್ದೇ ಇದ್ದ ಎರಡು ಕ್ಯಾನನ್‌ಗೆ ಅರ್ಧ, ಬುಡದ ಸ್ಟಿಕ್ಕರ್‌ಗೆ ಒಂದು, ಒಟ್ಟು ಎರಡು ಮೈನಸ್. ಟೈಟಲ್ಲಲ್ಲಿ ಎರಡೂ ಸ್ಟಿಕ್ಕರ್ ತಲೆಗೇ ಕಟ್ಟಿದೀನಿ, ಅದು ಸಿಟ್ಟಿಗೆ. ಡೆಪಾಸಿಟಲ್ಲಿ 100ಕ್ಕೆ 60 ವಾಪಸ್ ಬಂತು, ಬ್ಯಾಕ್‌ಡ್ರಾಪ್ ಬಟ್ಟೆಗೆ ಬಣ್ಣ ಆಗಿದೆ ಅಂತ 40 ಹಿಡ್ಕೊಂಡಿದಾರೆ, ಅವ್ರದೇ ಕ್ಯಾನನ್ನಿನ ಬಣ್ಣ, ಆದ್ರೂ. ಸ್ಟಿಕ್ಕರ್ ಫೋಟೋ ತೆಗ್ದು ಕಳ್ಸಿ ಗುಟ್ಟು ಕಾಪಾಡೋ ಚಾರ್ಜ್ 35 ವಾಪಸ್ ಕೊಡಿ ಅಂದೆ. ಸಾರಿ ಅಂತ ಉದ್ದದ ಮೆಸೇಜ್ ಬಂತು, ದುಡ್ಡು ಬರ್ಲಿಲ್ಲ, ಅದರ ಬದ್ಲು ಒಂದು ಕೂಪನ್, ಮುಂದಿನ ಮಗುವಿನ ರಿವೀಲಿಗೆ ಇಪ್ಪತ್ತು ಪರ್ಸೆಂಟ್ ಆಫ್, ಒಂದು ವರ್ಷದೊಳಗೆ ಬಳಸ್ಬೇಕಂತೆ. ಮೈದುನಂಗೆ ಫಾರ್ವರ್ಡ್ ಮಾಡಿದೀನಿ. ಇನ್ನೂ ಬ್ಲೂ ಟಿಕ್ ಬಿದ್ದಿಲ್ಲ.